ಬೈಠಕ್ಕಿಗೊಂದು ಸ್ವಂತ ಸರ್ವರ್

ನಮ್ಮ ಮನೆತನದಲ್ಲಿ ಯಾವ ದೊಡ್ಡ ಮಾತೂ ಬೈಠಕ್ ಇಲ್ಲದೆ ತೀರುವುದಿಲ್ಲ. ಹೆಣ್ಣು ಕೊಡುವುದು, ಮನೆ ಕಟ್ಟುವುದು, ಎತ್ತು ಕೊಟ್ಟು ಟ್ರ್ಯಾಕ್ಟರ್ ತರುವುದು, ಏನೇ ಇರಲಿ, ಎಲ್ಲ ಮನೆಯವರೂ ಕೂಡಬೇಕು. ನಿಯಮಗಳನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮರೆತಿಲ್ಲ. ಹಿರಿಯರಿಂದ ಶುರುವಾಗಿ ವಯಸ್ಸಿನ ಪ್ರಕಾರ ಒಬ್ಬೊಬ್ಬರೇ ಮಾತಾಡಬೇಕು. ಒಬ್ಬರ ಮಾತು ಮುಗಿಯುವ ತನಕ ಇನ್ನೊಬ್ಬರು ಬಾಯಿ ಹಾಕಬಾರದು. ಬೈಠಕ್ ಒಮ್ಮೆ ಎದ್ದಿತೋ, ಯಾವ ಕಾರಣಕ್ಕೇ ಎದ್ದಿರಲಿ, ಮುಂದಿನ ಭಾನುವಾರದ ತನಕ ಆ ವಿಷಯ ಎತ್ತುವಂತಿಲ್ಲ. ಈ ಕೊನೆಯ ನಿಯಮ ಯಾಕೆ ಎಂದು ಕೇಳಿದರೆ ದೊಡ್ಡಪ್ಪ, ಜಗಳವಾಡಿದವರು ಮನೆಗೆ ಹೋಗಿ ತಣ್ಣಗಾಗಲಿ ಅಂತ, ಎನ್ನುತ್ತಾರೆ.

ನಾನು ಕಾಲೇಜಿನ ವರ್ಷಗಳನ್ನು ಚರ್ಚಾ ಸ್ಪರ್ಧೆಗಳಲ್ಲಿ ಕಳೆದವಳು. ಅಲ್ಲಿ ಐದು ನಿಮಿಷ, ಆಮೇಲೆ ಗಂಟೆ, ಆಮೇಲೆ ಕುಳಿತುಕೊಳ್ಳಬೇಕು. ಪ್ರಾಂಶುಪಾಲರ ಮಗನಾದರೂ ಅಷ್ಟೇ. ಹಿರಿತನವನ್ನೇ ಒಂದು ವಾದ ಎಂದು ಒಪ್ಪುವ ಸಭೆಯ ಮೇಲೆ ನನಗೆ ಮೊದಲಿನಿಂದ ತಕರಾರಿತ್ತು. ಆದರೆ ತಕರಾರು ಹೇಳುವ ನನ್ನ ಸರದಿಯೇ ಕೊನೆಯಿಂದ ಎರಡನೆಯದು. ಕೊನೆಯದು ತಂಗಿಯದು.

ತಂಗಿ ಎಂದರೆ ಹುಮನಾಬಾದಿನ ಕಾಕಾನ, ಅಂದರೆ ಅಪ್ಪನ ತಮ್ಮನ ಮಗಳು. ಕಾಕಾನದು ಅಲ್ಲಿ ಹೊಲಿಗೆ ಅಂಗಡಿ. ಬಿ.ಕಾಂ. ಮುಗಿಸಿದ ತಂಗಿಗೆ ಸಾರಿಗೆ ಬಸ್ಸಿನ ಕಂಡಕ್ಟರ್ ಕೆಲಸಕ್ಕೆ ಆಯ್ಕೆಯಾದ ಪತ್ರ ಒಂದು ಮಂಗಳವಾರ ಬಂತು. ಇಪ್ಪತ್ತು ದಿನ ಬಿಟ್ಟು ಒಂದು ಸೋಮವಾರ ಬೆಳಿಗ್ಗೆ ತರಬೇತಿಗೆ ಹಾಜರಾಗಬೇಕು. ಆಗದಿದ್ದರೆ ಮುಂದಿನ ಹೆಸರಿನವರಿಗೆ ಹೋಗುತ್ತದೆ. ಕಾಕಾ ಪತ್ರವನ್ನು ಎರಡು ಸಲ ಓದಿ, ಮಡಚಿ ಮಗಳ ಕೈಗೇ ಕೊಟ್ಟ. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಬೈಠಕ್ ಹೂಂ ಅಂದರೆ ನನ್ನದೂ ಹೂಂ ಎಂದ. ಇಪ್ಪತ್ತು ದಿನದಲ್ಲಿ ಭಾನುವಾರಗಳು ಮೂರು. ಅಂದರೆ ಅವಳಿಗಿದ್ದದ್ದು ಮೂರು ಬೈಠಕ್.

ಕೊರೋನಾ ವರ್ಷದಲ್ಲಿ ನಮ್ಮ ಬೈಠಕ್ ಫೋನಿಗೆ ಬಂದದ್ದು ಆಮೇಲೂ ಫೋನಿನಲ್ಲೇ ಉಳಿದಿದೆ. ದೊಡ್ಡಪ್ಪ ಬೇಮಳಖೇಡದಲ್ಲಿ, ಮೊಣಕಾಲಿನ ಆಪರೇಷನ್ ಆದವರು. ಅಪ್ಪ, ಅವ್ವ, ನಾನು ಬಸವಕಲ್ಯಾಣದಲ್ಲಿ. ಇನ್ನೊಬ್ಬ ಕಾಕಾ ಹೈದರಾಬಾದಿನಲ್ಲಿ, ದೊಡ್ಡಪ್ಪನ ಮಗ ಪುಣೆಯಲ್ಲಿ. ಎಲ್ಲರನ್ನೂ ಒಂದು ಪಡಸಾಲೆಯಲ್ಲಿ ಕೂಡಿಸಬೇಕೆಂದರೆ ಯಾರಾದರೂ ಸಾಯಬೇಕು ಅಥವಾ ಮದುವೆಯಾಗಬೇಕು. ಹಾಗಾಗಿ ಉಚಿತವಾಗಿ ಸಿಗುವ ಒಂದು ಆಪ್ ಹಾಕಿಕೊಂಡಿದ್ದೆವು. ಅದು ನಲವತ್ತು ನಿಮಿಷಕ್ಕೆ ತಾನೇ ಬಂದ್ ಆಗುತ್ತದೆ.

ಮೊದಲನೆಯ ಭಾನುವಾರ ಆದದ್ದು ಇಷ್ಟು. ಒಬ್ಬೊಬ್ಬರು ಒಳಗೆ ಬಂದಂತೆ ಅವರಿಗೆ ಉಳಿದ ಎಲ್ಲರೂ ಶರಣು ಹೇಳಬೇಕು, ಅವರು ಎಲ್ಲರಿಗೂ ತಿರುಗಿ ಹೇಳಬೇಕು. ದೊಡ್ಡಪ್ಪನ ಮೊಣಕಾಲನ್ನು ಪ್ರತಿ ಮನೆಯವರೂ ಬೇರೆ ಬೇರೆಯಾಗಿ ವಿಚಾರಿಸಬೇಕು. ಒಬ್ಬರು ಕೇಳಿದ್ದನ್ನೇ ಇನ್ನೊಬ್ಬರು ಕೇಳಬಾರದೆಂದಿಲ್ಲ, ಕೇಳದಿದ್ದರೆ ತಪ್ಪು. ಇದಕ್ಕೆ ಹದಿನೆಂಟು ನಿಮಿಷ ಹೋಯಿತು, ನಾನು ಗಡಿಯಾರ ನೋಡುತ್ತಿದ್ದೆ. ಆಯಿ, ಅಂದರೆ ನಮ್ಮ ಅಜ್ಜಿ, ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವಳಾದರೂ ಎಂದಿನಂತೆ ನೀವು ಮಾತಾಡಿರಿ ಎಂದು ಸರದಿ ಬಿಟ್ಟುಕೊಟ್ಟಳು. ದೊಡ್ಡಪ್ಪ ಶುರು ಮಾಡಿದರು. ಅವರು ನಿವೃತ್ತ ಮಾಸ್ತರರು, ಪಾಠದ ಹಿನ್ನೆಲೆ ಹೇಳದೆ ಪಾಠಕ್ಕೆ ಬರುವವರಲ್ಲ. ಅವರಾದ ಮೇಲೆ ಅಪ್ಪ, ದೊಡ್ಡವರು ಹೇಳಿದಂಗ, ಎಂದು ಒಂದೇ ವಾಕ್ಯದಲ್ಲಿ ಮುಗಿಸಿದ. ಹೈದರಾಬಾದಿನ ಕಾಕಾ ವಸ್ತಿ ಬಸ್ಸಿನ ಮಾತು ತೆಗೆದ. ಸಂಜೆ ಹಳ್ಳಿಗೆ ಹೋಗಿ, ರಾತ್ರಿ ಅಲ್ಲೇ ನಿಂತು, ಮುಂಜಾನೆ ತಿರುಗಿ ಬರುವ ಬಸ್ಸು ವಸ್ತಿ ಬಸ್ಸು. ಹೆಣ್ಣುಮಗಳು ರಾತ್ರಿ ಎಲ್ಲಿ ಮಲಗಬೇಕು, ಎಂದು ಅವನು ಕೇಳುತ್ತಿದ್ದಂತೆ ಪರದೆ ಖಾಲಿಯಾಯಿತು.

ಲಿಂಕ್ ಮತ್ತೆ ಕಳಿಸಿದೆ. ಬಂದವಳು ತಂಗಿ ಒಬ್ಬಳೇ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಕುಳಿತಿದ್ದಾಗ ಬೇಮಳಖೇಡದಿಂದ ದೊಡ್ಡಪ್ಪನ ಧ್ವನಿ ಸಂದೇಶ ಬಂತು.

"ಬೈಠಕ್ ಎದ್ದದ. ಮುಂದಿನ ಐತ್ವಾರ ನೋಡೂಣು."

ಹಣ ಕಟ್ಟಿದರೆ ಆ ಆಪ್‌ನಲ್ಲಿ ಹೆಚ್ಚು ಹೊತ್ತು ಸಿಗುತ್ತದೆ, ತಾನೇ ಕಟ್ಟುತ್ತೇನೆ ಎಂದು ಪುಣೆಯ ಅಣ್ಣ ಹೇಳಿದ. ಬೇಡ ಎಂದೆ. ನಮ್ಮ ಮನೆಯ ಮಾತು ಎಷ್ಟು ಹೊತ್ತು ನಡೆಯಬೇಕೆಂದು ಬೇರೆ ಯಾವನೋ ಯಾಕೆ ನಿರ್ಧರಿಸಬೇಕು, ನಮ್ಮದೇ ಸರ್ವರ್ ಹಾಕೋಣ ಎಂದು ವಾದಿಸಿದೆ. ನಾನು ಬಸವಕಲ್ಯಾಣದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ, ಅದು ನನ್ನ ಕೈಮೀರಿದ ಕೆಲಸವಾಗಿರಲಿಲ್ಲ. ಅಣ್ಣ ಎರಡು ಆಕ್ಷೇಪ ಎತ್ತಿದ, ಎರಡನ್ನೂ ಉರುಳಿಸಿದೆ. ಗೆದ್ದ ಮೇಲೆ ತಂಗಿಗೆ ಫೋನ್ ಮಾಡಿ ಹೇಳಿದೆ.

"ಅಕ್ಕಾ, ಇದು ನನ್ನ ಸಲುವಾಗಿ ಹಾಕಾಕತ್ತಿದಿಯೋ, ಅಣ್ಣನ ಮ್ಯಾಲ ಗೆಲ್ಲಾಕ ಹಾಕಾಕತ್ತಿದಿಯೋ?" ಎಂದು ಕೇಳಿದಳು.

ಎರಡಕ್ಕೂ ಎಂದು ಹೇಳಬಹುದಿತ್ತು. ನಿನ್ನ ಸಲುವಾಗಿ ಎಂದೆ.

ಕ್ಲೌಡ್ ಎಂಬ ಮಾತಿನ ಬಗ್ಗೆ ನನಗೆ ಭ್ರಮೆ ಇರಲಿಲ್ಲ. ಮುಂಬೈಯ ಯಾವುದೋ ಕಟ್ಟಡದಲ್ಲಿ ಸಾಲಾಗಿ ನಿಂತ ಯಂತ್ರಗಳಲ್ಲಿ ಒಂದರ ಸಣ್ಣ ಪಾಲನ್ನು ತಿಂಗಳ ಬಾಡಿಗೆಗೆ ಹಿಡಿದೆ. ಬಾಡಿಗೆ ಕೋಣೆಯನ್ನು ಸ್ವಂತ ಮನೆ ಎಂದು ಎದುರಾಳಿ ಕರೆದಿದ್ದರೆ ನಾನೇ ವೇದಿಕೆಯ ಮೇಲೆ ಹರಿದು ಹಾಕುತ್ತಿದ್ದೆ. ಆದರೂ ಒಂದು ವ್ಯತ್ಯಾಸವಿತ್ತು. ಒಳಗಿನ ಗಡಿಯಾರ ನನ್ನದು. ವಿಡಿಯೋ ಸಭೆ ನಡೆಸುವ ತಂತ್ರಾಂಶ ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ್ದು. ಅದನ್ನು ಹಾಕಿದೆ, ವಿಳಾಸಕ್ಕೊಂದು ಹೆಸರು ಕೊಂಡೆ, ಫೋನುಗಳು ಅನುಮಾನಿಸದಂತೆ ವಿಳಾಸದ ಪಕ್ಕ ಬೀಗದ ಗುರುತು ತೋರಿಸುವ ಪ್ರಮಾಣಪತ್ರ ಹಾಕಿದೆ. ಲ್ಯಾಬ್ ಮುಗಿಸಿ ಬಂದು ಮೂರು ಸಂಜೆ ಕುಳಿತರೆ ಆಗುವ ಕೆಲಸ.

ಗುರುವಾರ ಪರೀಕ್ಷೆ ಮಾಡಿದೆವು. ನಾನು, ತಂಗಿ. ಚಿತ್ರ ಸ್ಪಷ್ಟ, ಧ್ವನಿ ಸ್ಪಷ್ಟ. ಉಚಿತ ಆಪ್‌ಗಿಂತ ಛಲೋ ಅದ ಎಂದಳು. ಮೂರನೆಯ ಫೋನಿನಿಂದ ಅವಳ ತಾಯಿ, ಅಂದರೆ ಕಾಕಿ, ಒಳಗೆ ಬಂದ ಕೂಡಲೇ ಮೂವರ ಚಿತ್ರವೂ ಕಪ್ಪಾಯಿತು. ಕಾಕಿ ಹೊರಗೆ ಹೋದರೆ ನಾವಿಬ್ಬರೂ ಕಾಣುತ್ತೇವೆ, ಬಂದರೆ ಯಾರೂ ಕಾಣುವುದಿಲ್ಲ. ಮೂರು ಸಲ ಹೀಗಾದ ಮೇಲೆ ಕಾಕಿ, ನಿಮ್ಮ ಸಾಮಾನಿಗೆ ನನ್ನ ಮಾರಿ ಕಂಡರೆ ಆಗುವುದಿಲ್ಲ ಎಂದು ಹೇಳಿ ರೊಟ್ಟಿ ಬಡಿಯಲು ಎದ್ದಳು.

ಮರುದಿನ ಕಾರಣ ಸಿಕ್ಕಿತು. ಇಬ್ಬರೇ ಇದ್ದಾಗ ಸರ್ವರ್ ಪರಿಚಯ ಮಾಡಿಸಿ ಪಕ್ಕಕ್ಕೆ ಸರಿಯುತ್ತದೆ. ಚಿತ್ರ, ಧ್ವನಿ ಫೋನಿನಿಂದ ಫೋನಿಗೆ ನೇರ ಹೋಗುತ್ತವೆ. ಮೂರನೆಯವರು ಬಂದರೆ ಎಲ್ಲವೂ ಸರ್ವರಿನ ಮೂಲಕವೇ ಹಾಯಬೇಕು. ಹಾಯುವ ಬಾಗಿಲಿಗೆ ಒಂದು ನಂಬರ್ ಇರುತ್ತದೆ. ಆ ಬಾಗಿಲನ್ನು ನನ್ನ ಪಾಲಿನ ಯಂತ್ರದಲ್ಲಿ ತೆರೆದಿದ್ದೆ, ಬಾಡಿಗೆ ಕೊಟ್ಟವರ ಹೊರಗೋಡೆಯಲ್ಲಿ ತೆರೆದಿರಲಿಲ್ಲ. ತೆರೆದೆ. ಶುಕ್ರವಾರ ಕಾಕಿಯನ್ನು ಬೇಡಿಕೊಂಡು ಮತ್ತೆ ಕೂಡಿಸಿದೆ, ಮೂವರೂ ಕಂಡೆವು. ಉಳಿದ ಸಮಯದಲ್ಲಿ ಪರದೆಯ ಮೇಲೆ ಬರುವ ಇಂಗ್ಲಿಷ್ ಸೂಚನೆಗಳನ್ನೆಲ್ಲ ದೊಡ್ಡವರಿಗೆ ತಿಳಿಯಲೆಂದು ಕನ್ನಡಕ್ಕೆ ಬದಲಾಯಿಸಿದೆ. ನಮ್ಮ ಫೋನಿಗೆ 'ಬಸವಕಲ್ಯಾಣ ಮನೆ' ಎಂದು ಹೆಸರಿಟ್ಟೆ, ಉಳಿದವರಿಗೂ ಹಾಗೆಯೇ ಊರಿನ ಹೆಸರಿಟ್ಟು ಲಿಂಕ್ ಕಳಿಸಿದೆ. ಸಭೆಯ ಕೀಲಿ, ಅಂದರೆ ಯಾರ ಮೈಕನ್ನಾದರೂ ಬಂದ್ ಮಾಡುವ, ಯಾರನ್ನಾದರೂ ಹೊರಗೆ ಹಾಕುವ ಅಧಿಕಾರ, ನನ್ನ ಹತ್ತಿರ ಇತ್ತು.

ತಂಗಿಗೆ ಏಳು ಅಂಶ ಬರೆದುಕೊಟ್ಟಿದ್ದೆ. ಮೊದಲು ಎದುರಾಳಿಯ ಬಲವಾದ ವಾದ ಹೇಳು, ಆಮೇಲೆ ಅದನ್ನು ಮುರಿ, ಎಂದು ಕಲಿಸಿದ್ದೆ. ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು.

ಎರಡನೆಯ ಭಾನುವಾರ ಸರ್ವರ್ ಒಂದು ಕ್ಷಣವೂ ತಡವರಿಸಲಿಲ್ಲ. ಎಲ್ಲ ಮನೆಗಳೂ ಕಂಡವು. ಶರಣು, ಮೊಣಕಾಲು, ಮಳೆ ಎಲ್ಲ ಆಯಿತು. ದೊಡ್ಡಪ್ಪ ಕೇಳಿದರು, ಇದು ನಡುವೆ ಬಂದ್ ಆಗುವುದಿಲ್ಲವಲ್ಲ ಎಂದು. ಇಲ್ಲರಿ, ಎಷ್ಟು ಹೊತ್ತಾದರೂ ನಡೆಯುತ್ತದೆ ಎಂದೆ, ಹೆಮ್ಮೆಯಿಂದಲೇ. ಆ ಮಾತಿನ ಪರಿಣಾಮ ನನಗೆ ಹೊಳೆದಿರಲಿಲ್ಲ. ನಲವತ್ತು ನಿಮಿಷದ ಹೆದರಿಕೆಯಲ್ಲಿ ಹದಿನೈದು ನಿಮಿಷಕ್ಕೆ ಮುಗಿಸುತ್ತಿದ್ದ ದೊಡ್ಡಪ್ಪ ಈಗ ನಿಶ್ಚಿಂತೆಯಿಂದ ಗೋಡೆಗೆ ಒರಗಿದರು. ತಮ್ಮ ನೌಕರಿಯ ಮೊದಲ ಊರಿನಿಂದ ಶುರು ಮಾಡಿದರು. ಆ ಊರಿಗೆ ಬಸ್ಸು ಬಂದ ವರ್ಷ, ಆ ಬಸ್ಸಿನ ಡ್ರೈವರ್, ಅವನ ಕುಡಿತ. ಇಪ್ಪತ್ತು ನಿಮಿಷ, ಮೂವತ್ತು ನಿಮಿಷ. ಹೈದರಾಬಾದಿನ ಕಾಕಾ ಆಕಳಿಸಿದ. ಪುಣೆಯ ಮನೆಯ ಚೌಕದಲ್ಲಿ ಖಾಲಿ ಕುರ್ಚಿ ಕಾಣುತ್ತಿತ್ತು. ಹುಮನಾಬಾದಿನ ಚೌಕದಲ್ಲಿ ಕಾಕಾನ ಹಿಂದೆ ತಂಗಿ ನೋಟ್‌ಬುಕ್ ಹಿಡಿದು ನಿಂತಿದ್ದಳು, ಕೂತಿರಲಿಲ್ಲ.

ನಲವತ್ತೈದನೆಯ ನಿಮಿಷದಲ್ಲಿ ದೊಡ್ಡಪ್ಪ ಎರಡನೆಯ ಊರಿಗೆ ವರ್ಗವಾದರು. ಚರ್ಚಾ ಸ್ಪರ್ಧೆಯಲ್ಲಿ ಇಂಥಾ ಹೊತ್ತಿಗೆ ಗಂಟೆ ಬಾರಿಸುತ್ತಾರೆ, ಮತ್ತೂ ನಿಲ್ಲಿಸದಿದ್ದರೆ ಮೈಕ್ ತೆಗೆಯುತ್ತಾರೆ, ಯಾರೂ ಅವಮಾನ ಎಂದುಕೊಳ್ಳುವುದಿಲ್ಲ. ನನ್ನ ಬೆರಳು ಅದೇ ಅಭ್ಯಾಸದಲ್ಲಿ ಹೋಯಿತು. ತಪ್ಪಿ ಒತ್ತಿದೆ ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ಇಲ್ಲ, ನೋಡಿಯೇ ಒತ್ತಿದೆ.

ದೊಡ್ಡಪ್ಪನ ತುಟಿ ಇನ್ನೂ ಸ್ವಲ್ಪ ಹೊತ್ತು ಆಡುತ್ತಿತ್ತು. ಆಮೇಲೆ ಅವರು ಕನ್ನಡಕ ಸರಿಮಾಡಿಕೊಂಡು ಫೋನನ್ನು ಮುಖದ ಹತ್ತಿರ ತಂದು ಓದಿದರು. ನಾನೇ ಕನ್ನಡಕ್ಕೆ ತಂದ ಸೂಚನೆ ಅದು: 'ಬಸವಕಲ್ಯಾಣ ಮನೆ ನಿಮ್ಮ ಮಾತು ನಿಲ್ಲಿಸಿದೆ.' ಬಸವಕಲ್ಯಾಣ ಮನೆ ಎಂದರೆ ನಾನಲ್ಲ. ನನ್ನ ಅಪ್ಪ, ಅವರ ಬೆನ್ನಿಗೆ ಹುಟ್ಟಿದ ತಮ್ಮ. ತಮ್ಮನ ಮನೆ ಅಣ್ಣನ ಬಾಯಿ ಮುಚ್ಚಿಸಿದೆ ಎಂದು, ಉಳಿದೆಲ್ಲ ಮನೆಗಳ ಎದುರಿಗೆ, ಶುದ್ಧ ಕನ್ನಡದಲ್ಲಿ ಬರೆದು ತೋರಿಸಿದ ಹಾಗಾಯಿತು. ನಾನು ಕೂಡಲೇ ಮೈಕ್ ತೆರೆಯಲು ಹೋದೆ. ಸರ್ವರ್ ಅದಕ್ಕೆ ಬಿಡುವುದಿಲ್ಲ. ಬಂದ್ ಮಾಡುವುದು ನನ್ನ ಕೈಯಲ್ಲಿ, ತೆರೆಯುವುದು ಅವರವರ ಕೈಯಲ್ಲಿ. ದೊಡ್ಡಪ್ಪ ತೆರೆಯಲಿಲ್ಲ. ಫೋನನ್ನು ಮಗುಚಿ ಇಟ್ಟರು. ಬೇಮಳಖೇಡ ಮನೆಯ ಚೌಕ ಕಪ್ಪಾಯಿತು.

ಬೈಠಕ್ ಎದ್ದಿತು.

ಅಪ್ಪ ನನ್ನ ಹತ್ತಿರ ಎರಡು ದಿನ ಮಾತಾಡಲಿಲ್ಲ. ಅವ್ವ ಮಾತಾಡಿದಳು, ಅದೇ ಹೆಚ್ಚು ಕಷ್ಟವಾಯಿತು. ಕಾಕಾ ಅಂಗಡಿಯಿಂದ ಫೋನ್ ಮಾಡಿ ಮಶೀನಿನ ಸದ್ದಿನ ನಡುವೆ, ದೊಡ್ಡವರ ಇಜ್ಜತ್ತಿಗಿಂತ ಕಂಡಕ್ಟರ್ ನೌಕರಿ ದೊಡ್ಡದಲ್ಲ ಎಂದ. ನಾನು ನನ್ನ ಪಕ್ಷ ಮಂಡಿಸಿದೆ. ಸಮಯದ ಹಂಚಿಕೆ, ಎಲ್ಲರಿಗೂ ಸಮಾನ ಅವಕಾಶ. ಸಂಜೆ ತಂಗಿ ಫೋನ್ ಮಾಡಿದಳು. ಅವಳಿಗೂ ಅದನ್ನೇ ಹೇಳತೊಡಗಿದೆ.

"ನೀ ಹೇಳೋದು ಬರೋಬ್ಬರಿ ಅದ, ಅಕ್ಕಾ," ಎಂದಳು. "ಮೊದ್ಲ ಎಲ್ಲಾರೂ ನನ್ನ ನೌಕರಿ ಬಗ್ಗೆ ಮಾತಾಡ್ತಿದ್ರು. ಈಗ ನಿನ್ನ ಬಟನ್ ಬಗ್ಗೆ ಮಾತಾಡಾಕತ್ತಾರ. ಇನ್ನ ಒಂದ ಐತ್ವಾರ ಉಳದದ."

ಫೋನ್ ಇಟ್ಟ ಮೇಲೆ ಬೇಮಳಖೇಡದ ಬಸ್ಸಿನ ವೇಳೆ ನೋಡಿದೆ.

ಬುಧವಾರ ರಜೆ ಹಾಕಿ ಬೇಮಳಖೇಡಕ್ಕೆ ಹೋದೆ. ಹುಮನಾಬಾದಿನಲ್ಲಿ ಬಸ್ ಬದಲಿಸಬೇಕು. ಆ ಬಸ್ಸಿನಲ್ಲಿ ಕಂಡಕ್ಟರ್ ಒಬ್ಬ ಹೆಂಗಸು, ನಲವತ್ತು ದಾಟಿದವರು. ಬಾಗಿಲಲ್ಲಿ ನೇತಾಡುವ ಕಾಲೇಜು ಹುಡುಗರನ್ನು ಒಂದು ಮಾತಿಗೆ ಒಳಗೆ ಕಳಿಸಿದರು. ವಸ್ತಿಗೆ ಎಲ್ಲಿ ಮಲಗುತ್ತೀರಿ ಎಂದು ಕೇಳಬೇಕೆಂದುಕೊಂಡೆ. ಗದ್ದಲದಲ್ಲಿ ಕೇಳಲಿಲ್ಲ, ಅಥವಾ ನಾಚಿಕೆಯಾಯಿತು.

ದೊಡ್ಡಪ್ಪ ಕೊಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡಿದ್ದರು. ಕಾಲು ಮುಟ್ಟಿ, ತಪ್ಪಾತ್ರಿ, ಎಂದೆ. ಅವರು ನನ್ನನ್ನು ನೋಡದೆ ಎಮ್ಮೆಯ ಕಡೆ ತಿರುಗಿದರು.

"ನೀ ಒದರು. ನಿನ್ನ ಬಾಯಿಗೆ ಯಾರೂ ಬಟನ್ ಹಚ್ಚಿಲ್ಲ," ಎಂದರು ಎಮ್ಮೆಗೆ.

ಎಮ್ಮೆ ಒದರಲಿಲ್ಲ. ದೊಡ್ಡಪ್ಪ ಎಮ್ಮೆಗೆ ಇನ್ನೂ ಕೆಲವು ಮಾತು ಹೇಳಿದರು: ಈಗಿನವರಿಗೆ ಸಾಲಿ, ಓದು ಹೆಚ್ಚಾಗಿದೆ, ಬಸವಕಲ್ಯಾಣದ ನೀರೇ ಹಂಗ, ಅಲ್ಲಿ ಎಲ್ಲರೂ ಮಾತಾಡುವವರೇ, ಕೇಳುವವರು ಯಾರೂ ಇಲ್ಲ. ಕೊನೆಗೆ ಬಂದವರಿಗೆ ಊಟ ಹಾಕಲು ಒಳಗೆ ಹೇಳು ಎಂದೂ ಎಮ್ಮೆಗೇ ಹೇಳಿದರು. ಅದನ್ನು ಕ್ಷಮೆ ಎಂದು ತಿಳಿದುಕೊಂಡು ಒಳಗೆ ಹೋದೆ.

ಅಡುಗೆಮನೆಯಲ್ಲಿ ಆಯಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು, ದೊಡ್ಡವ್ವ ಒಲೆಯ ಮುಂದೆ. ಆಯಿಗೆ ಆದದ್ದೆಲ್ಲ ಗೊತ್ತಿತ್ತು, ಅದರ ಬಗ್ಗೆ ಬೇಸರವೂ ಇದ್ದಂತಿರಲಿಲ್ಲ. ಅವಳು ಬೇರೆಯೇ ತಪ್ಪು ಹಿಡಿದಳು.

"ಪಡಸಾಲ್ಯಾಗ ಗಂಡಸರು ಮಾತಾಡೋ ಹೊತ್ತಿಗಿ ಇಲ್ಲಿ ಎಲ್ಲಾ ಮುಗದಿರ್ತಿತ್ತು," ಎಂದಳು. "ನಾವು ಹೂಂ ಅಂದದ್ದು ಊಟದ ಗಂಗಾಳದ ಸಂಗಟ ಹೊರಗ ಹೋಗ್ತಿತ್ತು. ನಿನ್ನ ಫೋನಿನ್ಯಾಗ ಪಡಸಾಲಿ ಒಂದೇ ಅದ. ಅಡಗಿಮನಿ ಎಲ್ಲದ?"

ಆಗ ನನಗೆ ಅರ್ಥವಾಯಿತು, ಅವಳು ಪ್ರತಿ ಬೈಠಕ್ಕಿನಲ್ಲೂ ಸರದಿ ಬಿಟ್ಟುಕೊಡುತ್ತಿದ್ದದ್ದು ವಿನಯದಿಂದಲ್ಲ ಎಂದು. ಅವಳ ಪಾಲಿಗೆ ಅದು ಮುಗಿದ ಕೆಲಸದ ಮೇಲಿನ ಭಾಷಣ. ಫೋನಿಗೆ ಬಂದ ಮೇಲೆ ಕೆಲಸವೇ ಇಲ್ಲದೆ ಬರೀ ಭಾಷಣ ಉಳಿದಿತ್ತು, ಮತ್ತು ಅದನ್ನು ಅವಳು ನಾಲ್ಕು ವರ್ಷದಿಂದ ಗಮನಿಸಿ ಸುಮ್ಮನಿದ್ದಳು.

ಆದರೂ ನಾನು ವಾದಿಸದೆ ಇರಲಿಲ್ಲ. ಹೆಂಗಸರು ಬಾಗಿಲ ಹಿಂದೆ ನಿಂತು ಊಟದ ತಾಟಿನಲ್ಲಿ ತೀರ್ಪು ಕಳಿಸುವುದು ಸರಿಯಾದ ಪದ್ಧತಿಯಲ್ಲ ಎಂದೆ. ಕೆಲಸ ತಂಗಿಯದು, ಎಲ್ಲರ ಎದುರಿಗೆ ಅವಳೇ ಕೇಳಬೇಕು, ಎಲ್ಲರೂ ಅವಳ ಬಾಯಿಂದಲೇ ಕೇಳಬೇಕು. ಒಳಗಿನಿಂದ ಗೆದ್ದದ್ದು ಗೆಲುವಲ್ಲ, ಗಂಡಸರು ಗೆದ್ದೆವೆಂದುಕೊಳ್ಳಲು ನಾವು ಮಾಡಿಕೊಡುವ ಉಪಕಾರ ಎಂದೆ. ದೊಡ್ಡವ್ವ ರೊಟ್ಟಿ ತಿರುವುತ್ತ ನಕ್ಕಳು. ಆಯಿ ನನ್ನ ಮಾತನ್ನು ಪೂರ್ತಿ ಕೇಳಿದಳು.

"ನೀ ಹೇಳೂದು ಖರೆ ಇರಬಹುದು," ಎಂದಳು. "ಹುಡುಗಿ ಯಾವತ್ತ ಹಾಜರ್ ಆಗ್ಬೇಕು?"

"ಸೋಮಾರ."

"ಹಂಗಾದ್ರ ನಿನ್ನ ಖರೆ ಮಂಗಳಾರ ನೋಡೂಣು."

ಸ್ವಂತ ಸರ್ವರಿನಲ್ಲಿ ಕೋಣೆಗಳಿಗೆ ಲೆಕ್ಕವಿಲ್ಲ. ಒಂದು ಹೆಸರು ಬರೆದರೆ ಒಂದು ಕೋಣೆ. ಬಸ್ಸಿನಲ್ಲಿ ವಾಪಸ್ ಬರುವಾಗಲೇ 'ಅಡಗಿಮನಿ' ಎಂದು ಎರಡನೆಯ ಕೋಣೆ ತೆರೆದೆ. ಗುಪ್ತಪದ ಹಾಕಿದೆ, ಲಿಂಕನ್ನು ಹೆಂಗಸರಿಗೆ ಮಾತ್ರ ಕಳಿಸಿದೆ. ಇಂಥ ಕೋಣೆ ಇರಬಾರದು ಎಂಬ ನನ್ನ ಅಭಿಪ್ರಾಯ ಹಾಗೆಯೇ ಇತ್ತು. ಅಭಿಪ್ರಾಯ ಇಟ್ಟುಕೊಂಡೇ ಕೋಣೆ ತೆರೆದೆ.

ಶನಿವಾರ ಮಧ್ಯಾಹ್ನ ಎರಡೂವರೆಗೆ ಕೂಡಿದೆವು. ಬೇಮಳಖೇಡದಲ್ಲಿ ಇರುವ ಫೋನ್ ದೊಡ್ಡಪ್ಪನದೊಂದೇ. ಮಗಳ ಮಾರಿ ನೋಡಬೇಕು ಎಂದು ಆಯಿ ಅದನ್ನು ಇಸಿದುಕೊಂಡ ಮೇಲೆಯೇ ಅದಕ್ಕೆ ಲಿಂಕ್ ಕಳಿಸಿದ್ದೆ. ಮೋರಖಂಡಿಯ ಅತ್ತೆ, ಅಂದರೆ ಆಯಿಯ ಮಗಳು, ಕೋಣೆಯಲ್ಲಿ ಇದ್ದದ್ದರಿಂದ ಆ ನೆಪ ಸುಳ್ಳೂ ಅಲ್ಲ. ಆಯಿಯ ಪಕ್ಕದಲ್ಲಿ ದೊಡ್ಡವ್ವ, ನನ್ನ ಪಕ್ಕದಲ್ಲಿ ಅವ್ವ, ಹುಮನಾಬಾದಿನ ಕಾಕಿ, ಹೈದರಾಬಾದಿನ ಕಾಕಿ, ತಂಗಿ. ಇಲ್ಲಿ ಯಾರೂ ಸರದಿ ಕೇಳಲಿಲ್ಲ. ಮೂವರು ಒಟ್ಟಿಗೇ ಮಾತಾಡುತ್ತಿದ್ದರು, ಮೂವರೂ ಕೇಳಿಸಿಕೊಳ್ಳುತ್ತಲೂ ಇದ್ದರು. ಅದು ಹೇಗೆ ಸಾಧ್ಯ ಎಂದು ನನಗೆ ಈಗಲೂ ತಿಳಿದಿಲ್ಲ. ಕೀಲಿ ನನ್ನ ಹತ್ತಿರವೇ ಇತ್ತು, ಆದರೆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದೆ.

ತಂಗಿ ನೋಟ್‌ಬುಕ್ ತೆರೆದು ನನ್ನ ಮೊದಲನೆಯ ಅಂಶ ಓದಿದಳು. ಆಯಿ ಅದನ್ನು ಬದಿಗಿಡಲು ಹೇಳಿ ಪ್ರಶ್ನೆ ಕೇಳಿದಳು. ಡ್ಯೂಟಿಯಲ್ಲಿ ಮಧ್ಯಾಹ್ನ ಎಲ್ಲಿ ಉಣ್ಣುತ್ತಿ? ಮುಟ್ಟಾದ ದಿನ ಏನು ಮಾಡುತ್ತಿ? ಸಂಬಳ ಯಾರ ಖಾತೆಗೆ ಬರುತ್ತದೆ? ಕುಡಿದವನು ಟಿಕೆಟ್ ತಗೊಳ್ಳದಿದ್ದರೆ ಯಾರನ್ನು ಕರೆಯುತ್ತಿ? ನಾನು ಎಷ್ಟೋ ತೀರ್ಪುಗಾರರ ಮುಂದೆ ನಿಂತಿದ್ದೇನೆ, ಇಷ್ಟು ನೇರವಾದ ಪ್ರಶ್ನೆ ಯಾರೂ ಕೇಳಿರಲಿಲ್ಲ. ನನ್ನ ಏಳು ಅಂಶಗಳಲ್ಲಿ ಇವುಗಳಲ್ಲಿ ಒಂದಕ್ಕೂ ಉತ್ತರ ಇರಲಿಲ್ಲ. ತಂಗಿಯ ಹತ್ತಿರ ಇತ್ತು. ಪತ್ರ ಬಂದ ದಿನದಿಂದ ಅವಳು ಹುಮನಾಬಾದ್ ಬಸ್ ಸ್ಟ್ಯಾಂಡಿಗೆ ಹೋಗಿ ಅಲ್ಲಿಯ ಹೆಣ್ಣು ಕಂಡಕ್ಟರುಗಳ ಜೊತೆ ಚಹಾ ಕುಡಿದು ಎಲ್ಲವನ್ನೂ ಕೇಳಿಕೊಂಡಿದ್ದಳು. ನನಗೆ ಹೇಳಿರಲಿಲ್ಲ. ನಾನು ಕೇಳಿರಲಿಲ್ಲ.

ವಸ್ತಿಯ ಮಾತು ಬಂತು. ವಸ್ತಿ ಡ್ಯೂಟಿ ಎಲ್ಲ ಹೆಂಗಸರಿಗೂ ಬರುವುದಿಲ್ಲ, ಬರುವುದೇ ಇಲ್ಲ ಎಂದೂ ಹೇಳಲಾಗದು, ಎಂದಳು. ನಾನಾಗಿದ್ದರೆ ಎರಡನೆಯ ಭಾಗವನ್ನು ನುಂಗುತ್ತಿದ್ದೆ. ಅವಳು ನುಂಗಲಿಲ್ಲ. ಮೋರಖಂಡಿಯ ಅತ್ತೆ, ಊರ ಹೊಲದಲ್ಲಿ ರಾಶಿ ಕಾಯಲು ನಾವು ಎಷ್ಟು ರಾತ್ರಿ ಮಲಗಿಲ್ಲ, ಆಗ ಯಾರು ಬೈಠಕ್ ಮಾಡಿದ್ದರು, ಎಂದು ಕೇಳಿದಳು. ಅವ್ವ ನಕ್ಕಳು. ದೊಡ್ಡವ್ವ ಮಾತ್ರ ನಗದೆ, ಮದುವೆ ಮಾಡಿಕೊಳ್ಳುವವರು ಇದನ್ನೇ ಕೇಳುತ್ತಾರೆ ಎಂದಳು. ಆಗ ಕಾಕಿ, ಇಷ್ಟು ದಿನ ಮಗಳ ಬಗ್ಗೆ ಒಂದು ಮಾತೂ ಆಡದಿದ್ದವಳು, ಹಾಗೆ ಕೇಳುವವನು ನಮಗೆ ಬೇಕಾಗಿಲ್ಲ ಎಂದಳು. ಅಷ್ಟೇ. ಅದನ್ನು ಯಾರೂ ಮುಂದುವರಿಸಲಿಲ್ಲ, ಆದರೆ ಆಮೇಲಿನ ಮಾತೆಲ್ಲ ಬ್ಯಾಗು, ಚಪ್ಪಲಿ, ಡಬ್ಬಿಯ ಬಗ್ಗೆ ಆಯಿತು. ಹೊರಡುವವಳ ಬಗ್ಗೆ ಮಾತಾಡುವಂತೆ.

ಭಾನುವಾರ ಬೈಠಕ್ ಶುರುವಾಗುವ ಮೊದಲು ನಾನು ಎಲ್ಲರ ಎದುರಿಗೆ ತಪ್ಪು ಒಪ್ಪಿಕೊಂಡೆ. ಬಟನ್ ಒತ್ತಿದ್ದು ನಾನು, ಅಪ್ಪ ಅಲ್ಲ, ಎಂದೆ. ಸಭೆಯ ಕೀಲಿಯನ್ನು ಬೇಮಳಖೇಡ ಮನೆಗೆ ಕೊಟ್ಟೆ. ಈಗ ಯಾರ ಮಾತನ್ನಾದರೂ ನಿಲ್ಲಿಸುವ ಅಧಿಕಾರ ನಿಮ್ಮದು ಎಂದು ದೊಡ್ಡಪ್ಪನಿಗೆ ವಿವರಿಸಿದೆ. ನನಗೆ ಬ್ಯಾಡ ಎಂದರು. ಆದರೆ ಹೇಗೆ ಮಾಡುವುದೆಂದು ಎರಡು ಸಲ ಕೇಳಿ ತಿಳಿದುಕೊಂಡರು.

ಆ ದಿನ ಅವರ ಮಾತು ಏಳು ನಿಮಿಷಕ್ಕೆ ಮುಗಿಯಿತು. ಹೊಲದ ರಾಶಿ ಕಾಯಲು ನಮ್ಮ ಹೆಣ್ಣುಮಕ್ಕಳು ರಾತ್ರಿ ಮಲಗಿಲ್ಲವೇ ಎಂದು ಕೇಳಿದರು. ಬಸ್ ಸ್ಟ್ಯಾಂಡಿನಲ್ಲಿ ಹೆಂಗಸರಿಗೆ ಬೇರೆ ವಿಶ್ರಾಂತಿ ಕೋಣೆ ಇದೆ ಎಂದು ಹೇಳಿದರು. ಇದನ್ನೆಲ್ಲ ತಾವು ಎಂಟು ದಿನ ಕೂತು ವಿಚಾರ ಮಾಡಿದ್ದಾಗಿ ಹೇಳಿದರು. ಶನಿವಾರ ರಾತ್ರಿಯ ಊಟದ ಗಂಗಾಳದೊಂದಿಗೆ ಏನೇನು ಹೊರಗೆ ಹೋಗಿತ್ತು ಎಂದು ನನಗೆ ಅಕ್ಷರ ಅಕ್ಷರ ಕಾಣುತ್ತಿತ್ತು. ಮೂಲ ಹೇಳದೆ ಇನ್ನೊಬ್ಬರ ವಾದ ಎತ್ತಿದರೆ ಚರ್ಚಾ ಸ್ಪರ್ಧೆಯಲ್ಲಿ ಅಂಕ ಕಳೆಯುತ್ತಾರೆ. ನಾನು ಬಾಯಿ ತೆರೆದೆ. ಅವ್ವ ನನ್ನ ಮೊಣಕೈ ಹಿಡಿದಳು. ಮುಚ್ಚಿದೆ.

ದೊಡ್ಡಪ್ಪ ಹೂಂ ಎಂದರು. ಅಪ್ಪ, ದೊಡ್ಡವರು ಹೇಳಿದಂಗ, ಎಂದ. ಹೈದರಾಬಾದ್, ಹುಮನಾಬಾದ್, ಪುಣೆ, ಹೂಂ ಎಂಬುದು ಇಳಿಯುತ್ತ ಬಂತು. ನನ್ನ ಸರದಿಗೆ ನಾನೂ ಹೂಂ ಎಂದೆ. ನನ್ನ ಜೀವನದ ಅತಿ ಚಿಕ್ಕ ಭಾಷಣ. ಇನ್ನು ಏಳುವುದೇ ಎನ್ನುವಂತೆ ಪುಣೆಯ ಅಣ್ಣ ಕುರ್ಚಿ ಹಿಂದೆ ಸರಿಸಿದ.

"ನಂದು ಉಳದದ್ರಿ," ಎಂದಳು ತಂಗಿ.

ಹೂಂ ಆಯಿತಲ್ಲ, ಇನ್ನೇನು, ಎಂದ ಕಾಕಾ.

"ನಾ ಇನ್ನಾ ಮಾತಾಡಿಲ್ರಿ, ಅಪ್ಪಾ."

ಕಾಕಾ ಫೋನನ್ನು ಅವಳ ಕೈಗೆ ಕೊಟ್ಟ. ಚೌಕದಲ್ಲಿ ಅವಳ ಮುಖ ಮೊದಲ ಸಲ ಒಂಟಿಯಾಗಿ, ದೊಡ್ಡದಾಗಿ ಬಂತು. ನೋಟ್‌ಬುಕ್ ಇರಲಿಲ್ಲ. ಎಲ್ಲರಿಗೂ ಶರಣು ಹೇಳಿ ಶುರು ಮಾಡಿದಳು. ತನಗೆ ಈ ಕೆಲಸ ಬೇರೆ ಸಿಗದೆ ಬಂದದ್ದಲ್ಲ, ತಾನು ಬಯಸಿ ಅರ್ಜಿ ಹಾಕಿದ್ದು ಎಂದಳು. ಲೆಕ್ಕ ತನಗೆ ಬರುತ್ತದೆ, ಜನರ ನಡುವೆ ಇರುವುದು ಇಷ್ಟ, ಅಂಗಡಿಯಲ್ಲಿ ಗುಂಡಿ ಹಚ್ಚುತ್ತ ಕೂರುವುದು ಇಷ್ಟವಿಲ್ಲ, ಎಂದಳು. ಕಾಕಾ ಪಕ್ಕದಲ್ಲೇ ಇದ್ದ. ವಸ್ತಿ ಡ್ಯೂಟಿ ಬಂದರೆ ಹೋಗುತ್ತೇನೆ, ಬಂದಾಗ ಮತ್ತೆ ಬೈಠಕ್ ಕೂಡಿಸಬಾರದು, ಈಗಲೇ ಹೇಳಿರುತ್ತೇನೆ, ಎಂದಳು. ಇದು ಶನಿವಾರದ ಕೋಣೆಯಲ್ಲಿ ಇರಲಿಲ್ಲ. ಆಯಿ ಫೋನಿನ ಹತ್ತಿರ ಬಾಗಿದಳು.

ಹನ್ನೊಂದು ನಿಮಿಷ ಮಾತಾಡಿದಳು. ಒಂದು ವಿಷಯವನ್ನು ಎರಡು ಸಲ ಹೇಳಿದಳು, ಒಂದು ಕಡೆ ತಡವರಿಸಿ ಹಿಂದಕ್ಕೆ ಹೋದಳು. ಸ್ಪರ್ಧೆಯಾಗಿದ್ದರೆ ಬಹುಮಾನ ಬರುತ್ತಿರಲಿಲ್ಲ. ಯಾರೂ ನಡುವೆ ಬಾಯಿ ಹಾಕಲಿಲ್ಲ, ಯಾಕೆಂದರೆ ನಿಯಮ ಅವಳಿಗೂ ಅನ್ವಯಿಸುತ್ತದೆ. ಕೀಲಿ ಇದ್ದ ದೊಡ್ಡಪ್ಪ ಗಲ್ಲದ ಮೇಲೆ ಕೈಯಿಟ್ಟು ಕೇಳುತ್ತಿದ್ದರು.

"ಮುಗೀತೇನವ್ವಾ?" ಎಂದರು ಕೊನೆಗೆ.

"ಮುಗೀತ್ರಿ."

ವಸ್ತಿಯ ಆ ಮಾತಿಗೆ ಅವರು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಏಳೋಣ ಎಂದರು. ಸೋಮವಾರ ಬೆಳಿಗ್ಗೆ ಕಾಕಾ ಅಂಗಡಿ ತೆರೆಯದೆ ಅವಳನ್ನು ತರಬೇತಿಗೆ ಬಿಟ್ಟು ಬಂದ. ವಸ್ತಿ ಡ್ಯೂಟಿ ಅವಳಿಗೆ ಇನ್ನೂ ಬಂದಿಲ್ಲ. ಬಂದ ದಿನ ಏನಾಗುತ್ತದೆ ಎಂಬುದರ ಬಗ್ಗೆ ನಮ್ಮ ಮನೆಯಲ್ಲಿ ಎರಡು ಪಕ್ಷಗಳಿವೆ. ಅವಳು ಯಾರ ಜೊತೆಗೂ ವಾದಿಸುವುದಿಲ್ಲ. ಹೋಗುತ್ತೇನೆ ಎಂದು ಹೇಳಿಯಾಗಿದೆ ಎನ್ನುತ್ತಾಳೆ.